ತೊಣ್ಣೂರು ಕೆರೆಯಿಂದ ಮೇಲುಕೋಟೆ ಬೆಟ್ಟಕ್ಕೆ: ಒಂದು ಹಗಲಿನ ಸೈಕಲ್ ಸುತ್ತಿಗೆ ಕೈಪಿಡಿ

ಮಂಡ್ಯ ಜಿಲ್ಲೆಯೆಂದರೆ ನಾಲೆ, ಗದ್ದೆ, ಕಬ್ಬು ಎಂದಷ್ಟೇ ತಿಳಿದವರಿಗೆ ಪಾಂಡವಪುರದ ಉತ್ತರಕ್ಕಿರುವ ಸೀಮೆ ಅಚ್ಚರಿ ತರುತ್ತದೆ. ಊರು ದಾಟಿ ಸ್ವಲ್ಪ ದೂರ ಹೋಗುತ್ತಿದ್ದಂತೆಯೇ ಬಯಲಿನ ನಡುವೆ ಕುಂತಿಬೆಟ್ಟದ ಬೋಳು ಬಂಡೆಗಳು ಎದ್ದು ನಿಲ್ಲುತ್ತವೆ. ಅಲ್ಲಿಂದ ಮುಂದೆ ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಕಟ್ಟಿ ನಿಲ್ಲಿಸಿದ ತೊಣ್ಣೂರು ಕೆರೆ ಸಿಗುತ್ತದೆ. ಆಮೇಲೆ ರಾಗಿ, ಹುರುಳಿಯ ಹೊಲಗಳು, ಕುರುಚಲು ಕಾಡು, ಕೊನೆಗೆ ಮೇಲುಕೋಟೆಯ ಬೆಟ್ಟ. ಇಷ್ಟನ್ನೂ ಒಂದೇ ಹಗಲಿನಲ್ಲಿ, ಮಾರ್ಗದರ್ಶಿಯ ನೆರವಿಲ್ಲದೆ, ಸೈಕಲ್ ತುಳಿದುಕೊಂಡು ನೋಡಿ ಬರಬಹುದು. ಪಾಂಡವಪುರದಿಂದ ಹೊರಟು ಪಾಂಡವಪುರಕ್ಕೇ ಮರಳುವ ಈ ಸುತ್ತು ಸುಮಾರು 55 ಕಿಲೋಮೀಟರ್ ಆಗುತ್ತದೆ. ವಾರದಲ್ಲಿ ಒಂದೆರಡು ಬಾರಿ ಇಪ್ಪತ್ತು ಕಿಲೋಮೀಟರ್ ತುಳಿಯುವ ರೂಢಿಯಿರುವ ಯಾರಿಗೂ ಇದು ಮೀರಿದ್ದಲ್ಲ. ಎಂದೂ ಏರು ಹತ್ತದವರು ಮಾತ್ರ ಮೊದಲು ತಮ್ಮೂರಿನ ಹತ್ತಿರದ ಯಾವುದಾದರೂ ದಿಣ್ಣೆಯಲ್ಲಿ ಕೆಲವು ದಿನ ಕಾಲು ಪಳಗಿಸಿಕೊಂಡು ಬರುವುದು ಒಳ್ಳೆಯದು.

ಇದೇ ದಾರಿಯನ್ನು ಸೂಚಿಸಲು ನನಗೊಂದು ಕಾರಣವಿದೆ. ಕೆಳಗಿನಿಂದ ಮೇಲಕ್ಕೆ ಹೋದಂತೆ ಇಲ್ಲಿ ನೀರನ್ನು ಹಿಡಿದಿಟ್ಟುಕೊಂಡ ರೀತಿಯೇ ಬದಲಾಗುತ್ತದೆ. ಬಯಲಿನಲ್ಲಿ ಹರಿಯುವುದು ಕನ್ನಂಬಾಡಿ ಕಟ್ಟೆಯಿಂದ ಬರುವ ವಿಶ್ವೇಶ್ವರಯ್ಯ ನಾಲೆ, ಅಂದರೆ 20ನೇ ಶತಮಾನದ ಎಂಜಿನಿಯರುಗಳು ದೂರದಿಂದ ತಂದ ಕಾವೇರಿ. ನಡುವೆ ಸಿಗುವುದು ಹೊಯ್ಸಳರ ಕಾಲದ, ರಾಮಾನುಜಾಚಾರ್ಯರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕೆರೆ. ಬೆಟ್ಟದ ಮೇಲಿರುವುದು ಬಂಡೆಯ ಮೇಲೆ ಬಿದ್ದ ಮಳೆಯನ್ನೇ ನಂಬಿದ ಕಲ್ಯಾಣಿ ಮತ್ತು ಕೊಳಗಳು. ಕಾರಿನಲ್ಲಿ ಕುಳಿತವರಿಗೆ ಈ ಮೂರೂ ಬೇರೆ ಬೇರೆ ನೋಟಗಳಾಗಿ ಉಳಿದುಬಿಡುತ್ತವೆ. ಸೈಕಲ್ ತುಳಿಯುವವರಿಗೆ ಹಾಗಲ್ಲ. ನಾಲೆಯ ನೀರು ಎಲ್ಲಿಗೆ ನಿಂತಿತು, ಗದ್ದೆ ಎಲ್ಲಿ ಹೊಲವಾಯಿತು, ಹೊಲ ಎಲ್ಲಿ ಕುರುಚಲಾಯಿತು ಎಂಬುದನ್ನು ಕಣ್ಣಿಗಿಂತ ಮೊದಲು ಕಾಲು ಹೇಳುತ್ತದೆ. ಆದ್ದರಿಂದ ಸುತ್ತನ್ನು ಹಿಂದುಮುಂದು ಮಾಡದೆ, ಮೊದಲು ಕೆರೆ, ಆಮೇಲೆ ಬೆಟ್ಟ ಎಂಬ ಕ್ರಮದಲ್ಲೇ ಹೋಗಬೇಕೆಂಬುದು ನನ್ನ ಒತ್ತಾಯ. ಬೆಳಗಿನ ಹೊತ್ತು ಕೆರೆಯ ನೀರು ನಿಶ್ಚಲವಾಗಿರುತ್ತದೆ, ಬಿಸಿಲು ಬಲಿಯುವ ಮೊದಲೇ ಏರು ಮುಗಿಯುತ್ತದೆ, ದಣಿದ ಮಧ್ಯಾಹ್ನಕ್ಕೆ ಇಳಿಜಾರು ಉಳಿದಿರುತ್ತದೆ.

ಯಾವ ಕಾಲದಲ್ಲಿ ಹೋಗಬೇಕು

ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಅತ್ಯುತ್ತಮ ಕಾಲ. ಮಳೆಗಾಲ ಕಳೆದ ಮೇಲೆ ಕೆರೆಯಲ್ಲಿ ನೀರಿರುತ್ತದೆ, ಗುಡ್ಡಗಳ ಮೇಲೆ ಹಸಿರು ಉಳಿದಿರುತ್ತದೆ, ಬಿಸಿಲೂ ತಡೆಯುವಂತಿರುತ್ತದೆ. ಅಕ್ಟೋಬರ್ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚಿನ ಮಳೆ ಬರುವುದುಂಟು; ಆ ತಿಂಗಳಲ್ಲಿ ಹೋಗುವವರು ಬೋಳು ಬಂಡೆಯ ಮೇಲೆ, ಬೆಟ್ಟದ ತುದಿಯಲ್ಲಿ ಸಂಜೆಯವರೆಗೆ ಕೂರಬಾರದು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಲವಾಗಿ ಬೀಸುತ್ತದೆ, ಬಯಲು ದಾರಿಯಲ್ಲಿ ಅದು ಅಡ್ಡಲಾಗಿ ಬಡಿದು ಏರಿಗಿಂತ ಹೆಚ್ಚು ದಣಿಸುತ್ತದೆ. ಮಾರ್ಚ್ ಕಳೆದ ಮೇಲೆ ಬಂಡೆಗಳು ಕಾದು, ಬೆಳಿಗ್ಗೆ ಹತ್ತಕ್ಕೇ ದಾರಿ ಬೇಯಿಸತೊಡಗುತ್ತದೆ. ಫಾಲ್ಗುಣ ಮಾಸದಲ್ಲಿ ಮೇಲುಕೋಟೆಯಲ್ಲಿ ವೈರಮುಡಿ ಉತ್ಸವ ನಡೆಯುತ್ತದೆ. ಆ ದಿನಗಳಲ್ಲಿ ಬೆಟ್ಟದ ರಸ್ತೆಯ ತುಂಬ ಬಸ್ಸು, ಕಾರುಗಳಿರುವುದರಿಂದ ಉತ್ಸವಕ್ಕೆ ಬೇರೆ ಬನ್ನಿ, ಸೈಕಲ್ ಸುತ್ತಿಗೆ ಬೇರೆ ಬನ್ನಿ.

ಸುಗ್ಗಿಯ ದಿನಗಳಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆಯ ಮಾತು. ಡಿಸೆಂಬರ್, ಜನವರಿಯಲ್ಲಿ ಈ ಕಡೆಯ ಹಳ್ಳಿಗಳಲ್ಲಿ ರಾಗಿ, ಹುರುಳಿಯ ತೆನೆಯನ್ನು ಡಾಂಬರು ರಸ್ತೆಯ ಮೇಲೆಯೇ ಹರಡಿ ಒಕ್ಕುತ್ತಾರೆ. ಹರಡಿದ ಹುಲ್ಲಿನ ಮೇಲೆ ಸೈಕಲ್ ಜಾರುತ್ತದೆ, ಹುರುಳಿಯ ಬಳ್ಳಿ ಚೈನಿಗೂ ಗೇರಿಗೂ ಸುತ್ತಿಕೊಳ್ಳುತ್ತದೆ, ವಾಹನಗಳು ಬದಿಗೆ ಸರಿಯಲೆಂದು ಅಂಚಿನಲ್ಲಿಟ್ಟ ಕಲ್ಲುಗಳು ಇಳಿಜಾರಿನಲ್ಲಿ ತಟ್ಟನೆ ಎದುರಾಗುತ್ತವೆ. ಅಂಥಲ್ಲಿ ಇಳಿದು, ಸೈಕಲನ್ನು ಎತ್ತಿ ಹಿಡಿದು, ಬದಿಯಲ್ಲಿ ನಡೆದು ದಾಟುವುದೇ ಸರಿ; ಅದು ಒಬ್ಬ ರೈತನ ವರ್ಷದ ದುಡಿಮೆ ಎಂಬುದೂ ನೆನಪಿರಲಿ. ಕಬ್ಬು ಅರೆಯುವ ತಿಂಗಳುಗಳಲ್ಲಿ ಟ್ರ್ಯಾಕ್ಟರ್, ಎತ್ತಿನ ಗಾಡಿಗಳು ತಮ್ಮ ಅಗಲಕ್ಕಿಂತ ಹೆಚ್ಚಾಗಿ ಕಬ್ಬು ಹೇರಿಕೊಂಡು ಹೋಗುತ್ತವೆ. ಅವುಗಳ ಬೆನ್ನಿಗೆ ಹತ್ತಿಕೊಂಡು ಹೋಗಬೇಡಿ, ಹಿಂದಿಕ್ಕುವುದಾದರೆ ಎದುರಿನ ದಾರಿ ಪೂರ್ತಿ ಕಾಣುವವರೆಗೆ ಕಾಯಿರಿ.

ಸೈಕಲ್ ಮತ್ತು ಗಂಟು

ದುಬಾರಿ ಸೈಕಲ್ ಬೇಕಿಲ್ಲ. ಆದರೆ ಗೇರ್ ಇಲ್ಲದ ಸೈಕಲ್‌ನಲ್ಲಿ ಮೇಲುಕೋಟೆಯ ಏರು ಹತ್ತುವುದು ಅಭ್ಯಾಸವಿಲ್ಲದವರಿಗೆ ಕಷ್ಟ. ಮುಂದೆ ಎರಡೋ ಮೂರೋ, ಹಿಂದೆ ಏಳೋ ಎಂಟೋ ಹಲ್ಲುಚಕ್ರಗಳಿರುವ ಸಾಮಾನ್ಯ ಹೈಬ್ರಿಡ್ ಸೈಕಲ್ ಧಾರಾಳವಾಗಿ ಸಾಕು. ಮೈಸೂರಿನಲ್ಲಿ 2017ರಿಂದ ಬಳಕೆಗೆ ಬಂದ ಟ್ರಿಣ್ ಟ್ರಿಣ್ ಸಾರ್ವಜನಿಕ ಸೈಕಲ್‌ಗಳು ಊರೊಳಗಿನ ಓಡಾಟಕ್ಕೆ ರೂಪಿಸಿದಂಥವು, ಅವನ್ನು ಈ ದಾರಿಗೆ ತರುವುದು ಬೇಡ. ಟೈರು 32ರಿಂದ 40 ಮಿಲಿಮೀಟರ್ ಅಗಲವಿದ್ದರೆ ಹಳ್ಳಿ ರಸ್ತೆಯ ಗುಂಡಿಗಳಲ್ಲಿ ಕೈ ಜೋಮು ಹಿಡಿಯುವುದಿಲ್ಲ. ಹೊರಡುವ ಹಿಂದಿನ ದಿನವೇ ಬ್ರೇಕಿನ ರಬ್ಬರ್ ಸವೆದಿದೆಯೇ, ಬ್ರೇಕ್ ತಂತಿ ಎಲ್ಲಾದರೂ ಬಿಚ್ಚಿಕೊಂಡಿದೆಯೇ, ಚಕ್ರ ಅಲುಗುತ್ತದೆಯೇ ಎಂದು ನೋಡಿ, ಚೈನಿಗೆ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿಬಿಡಬೇಕು. ಸೀಟಿನ ಎತ್ತರವನ್ನು ಹಲವರು ಲೆಕ್ಕಿಸುವುದೇ ಇಲ್ಲ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು; ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರಬೇಕು. ಸೀಟು ತಗ್ಗಾಗಿದ್ದರೆ ಇಡೀ ಏರಿನ ಭಾರ ಮಂಡಿಯ ಮೇಲೆ ಬಿದ್ದು, ಮರುದಿನ ಮೆಟ್ಟಿಲಿಳಿಯುವಾಗ ಗೊತ್ತಾಗುತ್ತದೆ.

ಈ ಸೀಮೆಯ ದೊಡ್ಡ ಶತ್ರು ಜಾಲಿ ಮುಳ್ಳು. ಕುರುಚಲು ಕಾಡಿನ ಬದಿಯಲ್ಲಿ ಒಣಗಿದ ಮುಳ್ಳು ರಸ್ತೆಯಂಚಿನ ಮಣ್ಣಿನಲ್ಲಿ ಹುದುಗಿರುತ್ತದೆ, ವಾಹನಕ್ಕೆ ದಾರಿ ಬಿಡಲು ಡಾಂಬರಿನಿಂದ ಕೆಳಗಿಳಿದಾಗ ಟೈರಿಗೆ ನಾಟುತ್ತದೆ. ಎರಡು ಟ್ಯೂಬ್, ಟೈರು ಬಿಚ್ಚುವ ಪ್ಲಾಸ್ಟಿಕ್ ಸನಿಕೆಗಳು, ಚಿಕ್ಕ ಪಂಪು, ಪ್ಯಾಚ್, ಒಂದು ಚಿಮಟ ಜೊತೆಗಿರಲಿ. ಟ್ಯೂಬ್ ಬದಲಿಸುವಾಗ ಆತುರಪಡಬಾರದು. ಹಳೆಯ ಟ್ಯೂಬನ್ನು ತೆಗೆದ ಮೇಲೆ ಟೈರಿನ ಒಳಮೈಯನ್ನು ಬೆರಳ ತುದಿಯಿಂದ ನಿಧಾನವಾಗಿ ಸುತ್ತಲೂ ಸವರಿ ನೋಡಿ; ಮುಳ್ಳಿನ ಮೊನೆ ಸಾಸಿವೆಗಿಂತ ಸಣ್ಣದಾಗಿ ಒಳಕ್ಕೆ ಇಣುಕಿರುತ್ತದೆ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಅದನ್ನು ಚಿಮಟದಿಂದ ಕಿತ್ತು ಹಾಕದೆ ಹೊಸ ಟ್ಯೂಬ್ ಕೂರಿಸಿದರೆ ಅರ್ಧ ಮೈಲಿ ಹೋಗುವುದರೊಳಗೆ ಮತ್ತೆ ಗಾಳಿ ಇಳಿದುಹೋಗುತ್ತದೆ. ಬಿಚ್ಚಿ ಕೂರಿಸುವುದನ್ನು ಒಮ್ಮೆ ಮನೆಯಲ್ಲಿಯೇ ಮಾಡಿ ಕಲಿತು ಬರುವುದು ಅಗತ್ಯ, ಏಕೆಂದರೆ ಕೆರೆಗೂ ಬೆಟ್ಟಕ್ಕೂ ನಡುವೆ ಗೇರ್ ಸೈಕಲ್ ರಿಪೇರಿಯ ಅಂಗಡಿಯನ್ನು ನಂಬಿಕೊಳ್ಳುವಂತಿಲ್ಲ.

ಇನ್ನುಳಿದಂತೆ ಹೆಲ್ಮೆಟ್, ಮುಂದೆ ಹಿಂದೆ ದೀಪ, ಎರಡು ಲೀಟರ್ ನೀರು, ತೆಳುವಾದ ಮಳೆ ಅಂಗಿ, ಬೀಗ, ಸ್ವಲ್ಪ ಚಿಲ್ಲರೆ ಹಣ. ಬೆನ್ನಿಗೆ ಚೀಲ ಹಾಕಿಕೊಳ್ಳುವುದಕ್ಕಿಂತ ಕ್ಯಾರಿಯರ್‌ಗೆ ಕಟ್ಟುವುದು ಮೇಲು. ಬಿಸಿಲಿನಲ್ಲಿ ಬೆವರಿದವರಿಗೆ ಬರೀ ನೀರು ಸಾಲದು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಒಂದು ಬಾಟಲಿಯಲ್ಲಿ ಇಟ್ಟುಕೊಂಡರೆ ಏರಿನಲ್ಲಿ ಸ್ನಾಯು ಹಿಡಿದುಕೊಂಡಾಗಲೂ ತಲೆ ಸುತ್ತಿದಾಗಲೂ ನೆರವಾಗುತ್ತದೆ. ಉಳಿದದ್ದಕ್ಕೆ ದಾರಿಯುದ್ದಕ್ಕೂ ಎಳನೀರು ಇದ್ದೇ ಇದೆ.

ಪಾಂಡವಪುರ ತಲುಪುವುದು

ಮೈಸೂರಿನವರಿಗೆ ಇದು ಸುಲಭ. ಶ್ರೀರಂಗಪಟ್ಟಣದ ಮೂಲಕ ಪಾಂಡವಪುರ ಸುಮಾರು 25 ಕಿಲೋಮೀಟರ್. ಗಟ್ಟಿಗರು ಮನೆಯಿಂದಲೇ ತುಳಿದು ಬಂದು ಒಟ್ಟು ನೂರು ಕಿಲೋಮೀಟರ್ ದಾಟಿಸಬಹುದು. ನಡುವಿನ ಆಯ್ಕೆ ಬೇಕೆನ್ನುವವರು ಶ್ರೀರಂಗಪಟ್ಟಣದಿಂದ ಹೊರಟರೆ ಎಪ್ಪತ್ತೈದರ ಆಸುಪಾಸು ಆಗುತ್ತದೆ. ಬೆಂಗಳೂರು ಕಡೆಯಿಂದ ಬರುವವರು ಒಂದು ವಿಷಯ ತಿಳಿದಿರಬೇಕು: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳ ಜೊತೆಗೆ ಮೋಟಾರು ರಹಿತ ವಾಹನಗಳನ್ನೂ ನಿಷೇಧಿಸಲಾಗಿದೆ. ಸೈಕಲ್ ಸವಾರರು ಸರ್ವೀಸ್ ರಸ್ತೆಯನ್ನೇ ಬಳಸಬೇಕು. ಅದಕ್ಕಿಂತ ಸೈಕಲನ್ನು ಕಾರಿಗೆ ಕಟ್ಟಿಕೊಂಡು ಬಂದು ಶ್ರೀರಂಗಪಟ್ಟಣದಲ್ಲೋ ಪಾಂಡವಪುರದಲ್ಲೋ ಇಳಿಸಿಕೊಳ್ಳುವುದು ಜಾಣತನ. ಪಾಂಡವಪುರಕ್ಕೆ ಬೆಂಗಳೂರು–ಮೈಸೂರು ಮಾರ್ಗದಲ್ಲಿ ರೈಲು ನಿಲ್ದಾಣವೇನೋ ಇದೆ, ಊರಿನಿಂದ ನಾಲ್ಕೈದು ಕಿಲೋಮೀಟರ್ ದೂರ. ಆದರೆ ಸಣ್ಣ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವ ಅಲ್ಪ ಸಮಯದಲ್ಲಿ ಲಗೇಜ್ ಡಬ್ಬಿಯಿಂದ ಸೈಕಲ್ ಇಳಿಸಿಕೊಳ್ಳುವುದು ತ್ರಾಸದ ಕೆಲಸ; ರೈಲಿನಲ್ಲೇ ತರುವುದಾದರೆ ಮೈಸೂರಿಗೆ ಬುಕ್ ಮಾಡಿಸಿ, ಹಿಂದಿನ ದಿನವೇ ಬಂದು, ಅಲ್ಲಿಂದ ಬೆಳಿಗ್ಗೆ ತುಳಿಯಿರಿ.

ದಾರಿ ಮತ್ತು ಹೊತ್ತು

ಬಯಲಿನಲ್ಲಿ ಗಂಟೆಗೆ ಹದಿನೈದು, ಏರಿನಲ್ಲಿ ಗಂಟೆಗೆ ಏಳೆಂಟು ಕಿಲೋಮೀಟರ್ ಎಂದು ಲೆಕ್ಕ ಹಾಕಿಕೊಂಡರೆ ತುಳಿಯುವುದಕ್ಕೇ ನಾಲ್ಕೂವರೆ ಗಂಟೆ ಬೇಕು. ಕೆರೆ, ಗುಡಿ, ಊಟ, ವಿಶ್ರಾಂತಿಗೆ ಮತ್ತೆ ಐದು ಗಂಟೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಏಳುವುದು ಆರೂವರೆ ದಾಟಿದ ಮೇಲೆ, ಮುಳುಗುವುದು ಆರು ಗಂಟೆಯ ಸುಮಾರಿಗೆ. ಆದ್ದರಿಂದ ಬೆಳಕು ಹರಿಯುತ್ತಿದ್ದಂತೆ ಪಾಂಡವಪುರ ಬಿಟ್ಟು, ಏಳೂವರೆ ಎಂಟರೊಳಗೆ ಕೆರೆ ಸೇರಿ, ಹನ್ನೊಂದರೊಳಗೆ ಮೇಲುಕೋಟೆ ಹತ್ತಿ, ಮೂರಕ್ಕೆ ಇಳಿಯಲು ತೊಡಗಿದರೆ ಐದರ ಒಳಗೆ ಹೊರಟ ಜಾಗಕ್ಕೆ ಬಂದು ನಿಲ್ಲಬಹುದು. ಮೂರು ಗಂಟೆಯ ಗಡುವನ್ನು ಮಾತ್ರ ಮೀರಬೇಡಿ.

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದು ಹೆಸರಿತ್ತು. ಬ್ರಿಟಿಷರು ಇದನ್ನು ಫ್ರೆಂಚ್ ರಾಕ್ಸ್ ಎಂದು ಕರೆದದ್ದು ಹೈದರ್, ಟಿಪ್ಪು ಅವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ. ಆ ‘ರಾಕ್ಸ್’ ಯಾವುವು ಎಂಬುದು ಊರ ಹೊರಗೆ ಬಂದೊಡನೆ ತಿಳಿಯುತ್ತದೆ: ಕುಂತಿಬೆಟ್ಟದ ಬಂಡೆಗಳು ಮುಂಜಾವಿನ ಮಂಜಿನಲ್ಲಿ ಬುಡ ಕಾಣದೆ ಬರೀ ನೆತ್ತಿ ತೋರಿಸುತ್ತ ನಿಂತಿರುತ್ತವೆ. ಬೆಟ್ಟ ಹತ್ತಲು ಒಂದೆರಡು ಗಂಟೆ ಬೇಕು, ಈ ಸುತ್ತಿನಲ್ಲಿ ಅದಕ್ಕೆ ಬಿಡುವಿಲ್ಲ. ಗದ್ದೆ ಬಯಲಿನಿಂದಲೇ ನೋಡಿ ಮುಂದೆ ಸಾಗಿ.

ದಾರಿ ಕೇಳುವ ಬಗೆಯೂ ಒಂದು ವಿದ್ಯೆ. ಮೊಬೈಲ್ ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಿ, ಗುಡ್ಡಗಳ ಮರೆಯಲ್ಲಿ ಸಿಗ್ನಲ್ ಕೈಕೊಡಬಹುದು. ಆದರೆ ನಕ್ಷೆ ಹೇಳಿತೆಂದು ನಾಲೆಯ ಏರಿಯ ಮೇಲಿನ ದಾರಿಗೆ ಇಳಿಯಬೇಡಿ. ನಾಲೆಯ ಬದಿಯ ಅನೇಕ ದಾರಿಗಳಿಗೆ ತಡೆಗೋಡೆಯಿಲ್ಲ, ನೀರಿನ ಸೆಳೆತ ಮೇಲಿನಿಂದ ಕಾಣುವುದಕ್ಕಿಂತ ಬಹಳ ಹೆಚ್ಚು. 2018ರ ನವೆಂಬರ್‌ನಲ್ಲಿ ಇದೇ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ, ಅಂದರೆ ಇದೇ ವಿಶ್ವೇಶ್ವರಯ್ಯ ನಾಲೆಗೆ, ಉರುಳಿ 30 ಜನ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಹೋಗುತ್ತಿದ್ದ ಮಕ್ಕಳೂ ಇದ್ದರು. ಸುತ್ತಾದರೂ ಸರಿ, ಊರಿಂದೂರಿಗೆ ಹೋಗುವ ಡಾಂಬರು ರಸ್ತೆಯನ್ನೇ ಹಿಡಿಯಿರಿ. ಕವಲು ಬಂದಲ್ಲಿ ಹೋಟೆಲ್ ಮುಂದೆ ಕುಳಿತ ಹಿರಿಯರನ್ನು “ಯಜಮಾನ್ರೇ, ಕೆರೆ ತೊಣ್ಣೂರಿಗೆ ಇದೇ ದಾರೀನಾ?” ಎಂದು ಕೇಳಿ. ಬರೀ ತೊಣ್ಣೂರು ಎನ್ನುವುದಕ್ಕಿಂತ ಕೆರೆ ತೊಣ್ಣೂರು ಎಂದರೆ ಗೊಂದಲವಿಲ್ಲ. ದೂರದ ಗುರಿಯನ್ನು ಕೇಳದೆ ಮುಂದಿನ ಊರನ್ನು ಕೇಳುವುದು, ಮತ್ತು “ಇಲ್ಲೇ, ಒಂದ್ ಮೈಲಿ” ಎಂಬ ಉತ್ತರವನ್ನು ದಿಕ್ಕಿಗೆ ಮಾತ್ರ ನಂಬಿ ದೂರಕ್ಕೆ ನಂಬದಿರುವುದು ಉಪಯುಕ್ತ ರೂಢಿ. ಪಾಂಡವಪುರದಿಂದ ಕೆರೆಗೆ ಸುಮಾರು ಹತ್ತು ಕಿಲೋಮೀಟರ್, ಹೆಚ್ಚಿನ ಏರಿಳಿತವಿಲ್ಲ.

ಆಲೆಮನೆ ಕಂಡರೆ ನಿಲ್ಲಿಸಿ. ಹೊಗೆ ಎದ್ದಿದೆ, ಗಾಣದ ಸದ್ದು ಕೇಳುತ್ತಿದೆ ಎಂದರೆ ಕೆಲಸ ನಡೆಯುತ್ತಿದೆ ಎಂದರ್ಥ. ಹೊರಗೆ ಒಣಹಾಕಿದ ಕಬ್ಬಿನ ಸಿಪ್ಪೆಯನ್ನು ಒಬ್ಬರು ಒಲೆಯ ಬಾಯಿಗೆ ನೂಕುತ್ತಿರುತ್ತಾರೆ, ಒಳಗೆ ಆಳೆತ್ತರಕ್ಕೂ ಅಗಲವಾದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಮೊದಲು ಮೇಲೆ ಬರುವ ಕೊಳೆ ಹಸುರಾಗಿ ಕೊಳಕಾಗಿರುತ್ತದೆ, ಅದನ್ನು ಮೊಗೆದು ತೆಗೆದ ಮೇಲೆ ನೊರೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ಪಾಕ ಬಂತೇ ಎಂದು ನೋಡಲು ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಕೇಳಿ ಒಳಗೆ ಹೋಗಿ, ಕೊಪ್ಪರಿಗೆಯ ಅಂಚಿನಿಂದ ದೂರ ನಿಲ್ಲಿ, ಕೊಟ್ಟ ಬಿಸಿ ಬೆಲ್ಲವನ್ನು ಎಲೆಯಲ್ಲಿ ಇಸಿದುಕೊಳ್ಳಿ, ಒಂದೆರಡು ಅಚ್ಚು ಬೆಲ್ಲ ಕೊಂಡು ಗಂಟಿಗೆ ಹಾಕಿಕೊಳ್ಳಿ. ಏರಿನ ನಡುವೆ ಬಾಯಿಗೆ ಹಾಕಿಕೊಳ್ಳಲು ಅದಕ್ಕಿಂತ ಒಳ್ಳೆಯ ತಿಂಡಿ ನನಗೆ ಗೊತ್ತಿಲ್ಲ.

ಕೆರೆಯ ಬಳಿ

ತೊಣ್ಣೂರು ಹೊಯ್ಸಳರ ಕಾಲದಲ್ಲಿ ದೊಡ್ಡ ಪಟ್ಟಣವಾಗಿತ್ತು. ರಾಮಾನುಜರು ತಮಿಳುನಾಡಿನಿಂದ ಬಂದು ವಿಷ್ಣುವರ್ಧನನ ಕಾಲದಲ್ಲಿ ಇಲ್ಲಿ ನೆಲೆಸಿದ್ದರೆಂದೂ ಈ ಕೆರೆ ಅವರ ಪ್ರೇರಣೆಯಿಂದ ಆದದ್ದೆಂದೂ ಪರಂಪರೆ ಹೇಳುತ್ತದೆ. ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂಬ ಮತ್ತೊಂದು ಹೆಸರು ಅದರ ತಿಳಿನೀರಿಗಾಗಿ ಮುಸ್ಲಿಂ ಆಳರಸರ ಕಾಲದಲ್ಲಿ ಬಂದದ್ದು. ಕೆರೆಯನ್ನು ನೋಡುವವರು ಮೊದಲು ಏರಿಯ ಮೇಲೆ ನಿಂತು ಅದರ ಚುಟುಕು ಉದ್ದವನ್ನು ಗಮನಿಸಬೇಕು. ನಮ್ಮ ಬಯಲುಸೀಮೆಯ ಕೆರೆಗಳಿಗೆ ಸಾಮಾನ್ಯವಾಗಿ ಮೈಲಿಗಟ್ಟಲೆ ಉದ್ದದ ಏರಿ ಬೇಕಾಗುತ್ತದೆ. ಇಲ್ಲಿ ಎರಡು ಬಂಡೆಗುಡ್ಡಗಳೇ ಗೋಡೆಗಳಾಗಿರುವುದರಿಂದ ನಡುವಿನ ಸಂದಿಯನ್ನಷ್ಟೇ ಮುಚ್ಚಿ, ಉತ್ತರದ ಗುಡ್ಡಗಳಿಂದ ಇಳಿದು ಬರುವ ನೀರನ್ನು ಆಳವಾಗಿ ನಿಲ್ಲಿಸಿದ್ದಾರೆ. ಆಳ ಹೆಚ್ಚು, ಹರವು ಕಡಿಮೆ ಎಂದರೆ ಬಿಸಿಲಿಗೆ ಆವಿಯಾಗುವ ನೀರೂ ಕಡಿಮೆ. ಸ್ಥಳವನ್ನು ಆರಿಸಿದವರ ಕಣ್ಣು ಎಂಥದ್ದೆಂದು ಇಲ್ಲಿ ನಿಂತಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಆ ಆಳವೇ ಅಪಾಯವೂ ಹೌದು. ದಡದಿಂದ ನೀರು ತಿಳಿಯಾಗಿ, ತಳ ಹತ್ತಿರವಿದ್ದಂತೆ ಕಾಣುತ್ತದೆ. ಬಂಡೆಯ ಅಂಚು ದಾಟಿದೊಡನೆ ಕಾಲು ಎಟುಕುವುದಿಲ್ಲ. ಈಜು ಬಲ್ಲವರೂ ಬೆವರಿದ ಮೈಯಲ್ಲಿ ಇಳಿಯಬಾರದು, ಪಾಚಿ ಹಿಡಿದ ಕಲ್ಲಿನ ಮೇಲೆ ಸೈಕಲ್ ಬೂಟಿನಲ್ಲಿ ನಿಲ್ಲಬಾರದು. ಮುಖ ತೊಳೆದುಕೊಳ್ಳಲು ಬಾಟಲಿಯ ನೀರು ಸಾಕು. ಊರಿನೊಳಗೆ ನಂಬಿನಾರಾಯಣ ಗುಡಿ ಇದೆ, ಹೊಯ್ಸಳ ಕಾಲದ್ದಾದರೂ ಬೇಲೂರಿನ ಸೂಕ್ಷ್ಮ ಕೆತ್ತನೆಯನ್ನು ನಿರೀಕ್ಷಿಸಬೇಡಿ. ಇಲ್ಲಿಯದು ಸರಳವಾದ, ಎತ್ತರದ ಕಂಬಗಳ ಗಂಭೀರ ಕಟ್ಟಡ. ಅರ್ಚಕರು ಬಂದು ಬಾಗಿಲು ತೆರೆದಿದ್ದರೆ ಹತ್ತು ನಿಮಿಷ ತಂಪಿನಲ್ಲಿ ಕುಳಿತು ಹೊರಡಿ. ಕೆರೆಯ ಬಳಿ ಒಟ್ಟು ಒಂದು ಗಂಟೆಗಿಂತ ಹೆಚ್ಚು ಬೇಡ, ಏಕೆಂದರೆ ಬಿಸಿಲು ಕಾಯುವುದಿಲ್ಲ.

ಏರು

ಕೆರೆಯಿಂದ ಮೇಲುಕೋಟೆಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಮೊದಲು ನಾಗಮಂಗಲದ ಕಡೆಗೆ ಹೋಗುವ ಹೆದ್ದಾರಿ ಸೇರಿ ಉತ್ತರಕ್ಕೆ ಸಾಗಿ ಜಕ್ಕನಹಳ್ಳಿ ತಲುಪಬೇಕು, ಅಲ್ಲಿ ಪಶ್ಚಿಮಕ್ಕೆ ಮೇಲುಕೋಟೆಯ ದಾರಿ ಒಡೆಯುತ್ತದೆ. ಹೆದ್ದಾರಿಯಲ್ಲಿ ಬಸ್ಸು, ಲಾರಿಗಳಿರುವುದರಿಂದ ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗಿ, ಮಾತುಕತೆಯನ್ನು ಜಕ್ಕನಹಳ್ಳಿಯ ಟೀ ಅಂಗಡಿಗೆ ಉಳಿಸಿಕೊಳ್ಳಿ. ಅಲ್ಲಿ ಬಾಟಲಿಗಳನ್ನು ತುಂಬಿಸಿಕೊಂಡು, ಒಂದು ಬಾಳೆಹಣ್ಣು ತಿಂದು, ಐದು ನಿಮಿಷ ಕೂತು ಏಳಿ.

ಜಕ್ಕನಹಳ್ಳಿಯಿಂದಾಚೆಗೆ ನೆಲ ನಿಧಾನವಾಗಿ ಎದ್ದು, ಬೆಟ್ಟ ಸಮೀಪಿಸಿದಂತೆ ತಿರುವುಗಳು ಶುರುವಾಗುತ್ತವೆ. ಇದು ಚಾರ್ಮಾಡಿಯಂಥ ಘಟ್ಟವಲ್ಲ, ಆದರೆ ಆತುರ ಪಟ್ಟವರನ್ನು ಅರ್ಧದಲ್ಲೇ ನಿಲ್ಲಿಸುತ್ತದೆ. ಏರು ಕಾಲಿಗೆ ತಗಲುವ ಮೊದಲೇ ಗೇರ್ ಇಳಿಸಿಕೊಳ್ಳಿ. ಪೆಡಲ್ ಮೇಲೆ ಪೂರ್ತಿ ಭಾರ ಬಿದ್ದ ಮೇಲೆ ಬದಲಿಸಲು ಹೋದರೆ ಚೈನು ಕರಕರ ಎಂದು ಜಿಗಿದು ಕಳಚಿಕೊಳ್ಳುತ್ತದೆ. ನಿಮಿಷಕ್ಕೆ ಅರವತ್ತೈದು ಎಪ್ಪತ್ತು ಸುತ್ತು ಪೆಡಲ್ ತಿರುಗುವಷ್ಟು ಹಗುರ ಗೇರ್‌ನಲ್ಲಿ, ಜೊತೆಗಾರರೊಂದಿಗೆ ಒಂದು ಪೂರ್ತಿ ವಾಕ್ಯ ಮಾತಾಡಬಹುದಾದಷ್ಟು ಉಸಿರು ಉಳಿಸಿಕೊಂಡು ತುಳಿಯಿರಿ. ಮಾತು ತುಂಡಾಗುತ್ತಿದೆ ಎಂದರೆ ವೇಗ ಹೆಚ್ಚಾಗಿದೆ. ಭುಜ ಸಡಿಲವಾಗಿರಲಿ, ಹ್ಯಾಂಡಲನ್ನು ಬಿಗಿಯಾಗಿ ಹಿಚುಕಬೇಡಿ, ತಿರುವಿನ ಒಳಅಂಚು ಕಡಿದಾಗಿರುವುದರಿಂದ ವಾಹನವಿಲ್ಲದಾಗ ತುಸು ಹೊರಗಿನಿಂದ ತಿರುಗಿ. ದಮ್ಮು ಕಟ್ಟಿದರೆ ಇಳಿದು ನೂಕಿಕೊಂಡು ನಡೆಯಿರಿ. ಇಳಿದು ನಡೆದವರಿಗೇ ರಸ್ತೆಬದಿಯ ಬಂಡೆಯ ಬಿರುಕಿನಲ್ಲಿ ಬೇರೂರಿದ ಕಳ್ಳಿ, ಅತ್ತಿ, ಗುಡ್ಡದ ಮೇಲೆ ಮೇಯುವ ಕುರಿಮಂದೆ, ಕೆಳಗೆ ಬಿಟ್ಟು ಬಂದ ಬಯಲಿನ ಹಸಿರು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

ಈ ಸುತ್ತಲಿನ ಕುರುಚಲು ಕಾಡು 1974ರಲ್ಲಿ ಘೋಷಿತವಾದ ಮೇಲುಕೋಟೆ ವನ್ಯಜೀವಿಧಾಮ, ಮುಖ್ಯವಾಗಿ ತೋಳಗಳ ರಕ್ಷಣೆಗೆ ಮೀಸಲಾದದ್ದು. ತೋಳಕ್ಕೆ ಬೇಕಾದದ್ದು ದಟ್ಟ ಕಾಡಲ್ಲ, ಇಂಥ ಕಲ್ಲುಗುಡ್ಡ ಮತ್ತು ಹುಲ್ಲುಬಯಲು. ಬರಡು ಎಂದು ನಾವು ಕಡೆಗಣಿಸುವ ನೆಲವೇ ಅದರ ಮನೆ. ಹಗಲಿನಲ್ಲಿ ಅದು ಕಾಣಸಿಗುವುದು ಅಪರೂಪ. ರಸ್ತೆ ಬಿಟ್ಟು ಕಾಡಿನೊಳಕ್ಕೆ ಸೈಕಲ್ ಇಳಿಸಬಾರದು, ಬೇಸಿಗೆಯ ಒಣಹುಲ್ಲಿನ ಬಳಿ ಬೀಡಿ ಸಿಗರೇಟಿನ ಮಾತೇ ಬೇಡ. ಈ ಭಾಗದಲ್ಲಿ ಚಿರತೆಗಳ ಓಡಾಟವೂ ಇರುವುದರಿಂದ ಮೂರು ಗಂಟೆಯ ಗಡುವಿಗೆ ಅದೂ ಒಂದು ಕಾರಣ.

ಬೆಟ್ಟದ ಮೇಲೆ

ಮೇಲುಕೋಟೆ ತಲುಪಿದೊಡನೆ ಮೊದಲು ಕಲ್ಯಾಣಿಗೆ ಹೋಗಿ, ಸೈಕಲ್ ಬೀಗ ಹಾಕಿ, ಮಂಟಪದ ನೆರಳಿನಲ್ಲಿ ಹದಿನೈದು ನಿಮಿಷ ಕೂರಿ. ಊರಿನಲ್ಲಿ ಕೋತಿಗಳ ಕಾಟವಿದೆ. ಕ್ಯಾರಿಯರ್‌ನಲ್ಲಿ ಬೆಲ್ಲ, ಬಾಳೆಹಣ್ಣು ಬಿಟ್ಟುಹೋದರೆ ಚೀಲದ ಜಿಪ್ಪನ್ನೂ ಅವು ಬಿಡುವುದಿಲ್ಲ. ಯೋಗನರಸಿಂಹನ ಬೆಟ್ಟಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಸೈಕಲ್ ತುಳಿದ ಕಾಲು ಮೆಟ್ಟಿಲಿಗೆ ಒಗ್ಗಲು ಸ್ವಲ್ಪ ಹೊತ್ತು ಬೇಕು, ನಿಧಾನವಾಗಿ ಹತ್ತಿ. ಸಮುದ್ರಮಟ್ಟದಿಂದ ಸುಮಾರು ಮೂರೂವರೆ ಸಾವಿರ ಅಡಿ ಎತ್ತರದ ಈ ತುದಿಯಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಬೆಳಿಗ್ಗೆ ಬಂದ ದಾರಿಯ ಸೀಮೆ ಪದರ ಪದರವಾಗಿ ಹರಡಿರುತ್ತದೆ: ಹತ್ತಿರದಲ್ಲಿ ಕಂದು ಕುರುಚಲು, ಆಚೆಗೆ ಹೊಲಗಳ ತೇಪೆ, ದೂರದಲ್ಲಿ ನಾಲೆಯ ನೀರು ಮುಟ್ಟಿದ ಕಡುಹಸಿರು. ಮಧ್ಯಾಹ್ನ ಗುಡಿಗಳ ಬಾಗಿಲು ಹಾಕುವುದರಿಂದ ದರ್ಶನ ಬೇಕೆನ್ನುವವರು ಬೆಟ್ಟವನ್ನೂ ಚೆಲುವನಾರಾಯಣ ಸ್ವಾಮಿಯ ಗುಡಿಯನ್ನೂ ಊಟಕ್ಕೆ ಮೊದಲೇ ಮುಗಿಸಿಕೊಳ್ಳಬೇಕು. ಗುಡಿಗೆ ಹೋಗುವಾಗ ಉಟ್ಟುಕೊಳ್ಳಲು ಒಂದು ಪಂಚೆಯನ್ನೋ ಸಡಿಲ ಪ್ಯಾಂಟನ್ನೋ ಗಂಟಿನಲ್ಲಿಟ್ಟಿರಿ, ಮೊಣಕಾಲು ಕಾಣುವ ಸೈಕಲ್ ಚಡ್ಡಿಯಲ್ಲಿ ಒಳಗೆ ಹೋಗುವುದು ಮರ್ಯಾದೆಯಲ್ಲ.

ಊಟಕ್ಕೆ ಪುಳಿಯೋಗರೆ, ಸಕ್ಕರೆ ಪೊಂಗಲ್, ಮೊಸರನ್ನ. ಮೇಲುಕೋಟೆಯ ಪುಳಿಯೋಗರೆಗೆ ಇರುವ ಹೆಸರು ಸುಮ್ಮನೆ ಬಂದದ್ದಲ್ಲ. ಹುಣಸೆಯ ಗೊಜ್ಜು ಅನ್ನದ ಅಗುಳಿಗೆ ಕಪ್ಪಾಗಿ ಅಂಟಿಕೊಂಡು, ಕಡಲೆಬೀಜ ಇನ್ನೂ ಗರಿಯಾಗಿರುತ್ತದೆ. ಉಪ್ಪು, ಹುಳಿ, ಎಣ್ಣೆ ಮೂರೂ ಇರುವುದರಿಂದ ಬೆವರಿದ ಮೈಗೆ ಅದು ಹಿತ, ಆದರೆ ಹೊಟ್ಟೆ ಬಿರಿಯ ತಿಂದು ಕೂಡಲೇ ಸೈಕಲ್ ಹತ್ತಬಾರದು. ಊಟದ ಮೇಲಿನ ಬಿಸಿಲ ಹೊತ್ತನ್ನು ಅಕ್ಕತಂಗಿ ಕೊಳದ ಬಳಿ ಕಳೆಯುವುದು ನನ್ನ ಸಲಹೆ. ಪಕ್ಕಪಕ್ಕದಲ್ಲಿರುವ ಎರಡು ಕೊಳಗಳು, ಒಂದರ ನೀರು ಕುಡಿಯಲು, ಮತ್ತೊಂದರದು ಬಳಕೆಗೆ ಎಂದು ಊರವರು ಹೇಳುತ್ತಾರೆ. ಬಂಡೆಯ ಮೇಲೆ ಬಿದ್ದ ಮಳೆ ಎತ್ತ ಇಳಿಯುತ್ತದೆ, ಯಾವ ತಗ್ಗಿನಲ್ಲಿ ನಿಲ್ಲುತ್ತದೆ ಎಂಬುದನ್ನು ಸುತ್ತ ನಡೆದು ನೋಡಿದರೆ ನಾಲೆಯಿಲ್ಲದ ಈ ಎತ್ತರದಲ್ಲಿ ಒಂದು ಊರು ಇಷ್ಟು ಶತಮಾನ ಹೇಗೆ ಬಾಳಿತು ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಸಮಯ ಉಳಿದರೆ, ಪೂರ್ತಿಯಾಗದೆ ಕಂಬಗಳಷ್ಟೇ ನಿಂತಿರುವ ರಾಯಗೋಪುರವನ್ನೂ ನೋಡಬಹುದು.

ಇಳಿಯುವಾಗ

ಅವಘಡಗಳಾಗುವುದು ಹೆಚ್ಚಾಗಿ ಏರಿನಲ್ಲಲ್ಲ, ಇಳಿಜಾರಿನಲ್ಲಿ. ಹೊರಡುವ ಮೊದಲು ಎರಡೂ ಬ್ರೇಕ್ ಹಿಡಿದು ಸೈಕಲನ್ನು ಮುಂದೆ ಹಿಂದೆ ನೂಕಿ ನೋಡಿ. ಇಳಿಯುವಾಗ ಮೈಯನ್ನು ತುಸು ಹಿಂದಕ್ಕೆ ಸರಿಸಿ, ಪೆಡಲ್‌ಗಳನ್ನು ಸಮಮಟ್ಟದಲ್ಲಿರಿಸಿ, ತಿರುವಿಗೆ ಮೊದಲೇ ವೇಗ ತಗ್ಗಿಸಿಕೊಂಡು, ತಿರುವಿನೊಳಗೆ ಬ್ರೇಕನ್ನು ಬಿಗಿಯಾಗಿ ಹಿಡಿಯದೆ ದಾಟಬೇಕು. ಉದ್ದಕ್ಕೂ ಒಂದೇ ಸಮನೆ ಬ್ರೇಕ್ ಹಿಡಿದಿದ್ದರೆ ರಬ್ಬರೂ ರಿಮ್ಮೂ ಕಾದು ಹಿಡಿತ ಕಡಿಮೆಯಾಗುತ್ತದೆ. ಗಟ್ಟಿಯಾಗಿ ಒತ್ತಿ, ಬಿಟ್ಟು, ಮತ್ತೆ ಒತ್ತುವುದು ಸರಿಯಾದ ಕ್ರಮ. ಮುಂದಿನ ಬ್ರೇಕಿಗೆ ಬಲ ಹೆಚ್ಚು, ಆದರೆ ಮರಳಿರುವಲ್ಲಿ ಅದೊಂದನ್ನೇ ಒತ್ತಿದರೆ ಚಕ್ರ ಜಾರುತ್ತದೆ, ಆದ್ದರಿಂದ ಎರಡನ್ನೂ ಕೂಡಿಸಿ ಬಳಸಿ.

ಜಕ್ಕನಹಳ್ಳಿಯಿಂದ ಪಾಂಡವಪುರಕ್ಕೆ ಮತ್ತೆ ಕೆರೆಯ ಕಡೆ ತಿರುಗದೆ ನೇರ ಹೆದ್ದಾರಿಯಲ್ಲೇ ಬನ್ನಿ. ಮೇಲುಕೋಟೆಯಿಂದ ಸುಮಾರು 25 ಕಿಲೋಮೀಟರ್, ಒಟ್ಟಾರೆ ಇಳಿಮುಖ. ಸಂಜೆಯ ಹೊತ್ತಿಗೆ ಶಾಲೆ ಬಿಟ್ಟ ಮಕ್ಕಳು, ಮನೆಗೆ ಮರಳುವ ದನಗಳು ರಸ್ತೆಯಲ್ಲಿರುತ್ತವೆ, ಊರುಗಳ ಬಳಿ ಹಂಪ್‌ಗಳಿಗೆ ಬಣ್ಣ ಬಳಿದಿರುವುದಿಲ್ಲ. ಬೆಳಕಿದ್ದರೂ ಹಿಂದಿನ ಕೆಂಪು ದೀಪವನ್ನು ಹೊತ್ತಿಸಿಕೊಂಡೇ ಬನ್ನಿ. ಜಕ್ಕನಹಳ್ಳಿಗೆ ಬರುವ ಹೊತ್ತಿಗೆ ನಾಲ್ಕೂವರೆ ಮೀರಿದ್ದರೆ, ಅಥವಾ ಮಂಡಿ ನೋವು ಹೆಚ್ಚಾಗಿದ್ದರೆ, ಗೂಡ್ಸ್ ಆಟೋ ಒಂದನ್ನು ವಿಚಾರಿಸಿ ಸೈಕಲ್ ಏರಿಸಿಕೊಂಡು ಬರಲು ಹಿಂಜರಿಯಬೇಡಿ. ಮಕ್ಕಳೊಂದಿಗೆ ಬರುವವರು ಕೆರೆಯವರೆಗೆ ಹೋಗಿ ಮರಳುವ ಇಪ್ಪತ್ತು ಕಿಲೋಮೀಟರ್ ಸುತ್ತನ್ನು ಮೊದಲು ಮುಗಿಸಿ, ಬೆಟ್ಟವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದು.